ಮೇಲಿನ ಮೆಟ್ಟಿಲಿನ ಫ್ರೆಂಚ್ ಹೆಂಗಸು

ನನಗೆ ಹತ್ತು ತುಂಬಿದ ವರ್ಷ ನಮ್ಮ ಮನೆಗೆ ಒಬ್ಬ ಫ್ರೆಂಚ್ ಹೆಂಗಸು ಬಂದು ಸೇರಿಕೊಂಡಳು. ನಾವು ಊಟಕ್ಕೆ ಕೂತರೆ ನಮ್ಮ ಜೊತೆ ಕೂತಳು, ಕಾರಿನಲ್ಲಿ ಹೊರಟರೆ ಅಮ್ಮನ ಪಕ್ಕದ ಸೀಟು ಹಿಡಿದಳು, ಶನಿವಾರದ ನನ್ನ ಕನ್ನಡ ಪಾಠವನ್ನು ನುಂಗಿ ನೀರು ಕುಡಿದಳು. ಹೀಗೆಂದರೆ ಓದುವವರು ಏನೇನೋ ಊಹಿಸಿಕೊಂಡಾರು, ಆದ್ದರಿಂದ ಬೇಗ ಹೇಳಿಬಿಡುತ್ತೇನೆ. ಆಕೆ ಪ್ಯಾರಿಸ್ಸಿನ ರಂಗಭೂಮಿಯನ್ನು ಆಳಿದ ಮಹಾನಟಿ, ನನ್ನ ಅಜ್ಜಿ ಮೈಸೂರಿನಲ್ಲಿ ಲಂಗ ಎತ್ತಿ ಕಟ್ಟಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದ ಕಾಲಕ್ಕೇ ತೀರಿಕೊಂಡಿದ್ದವಳು. ನಮ್ಮ ಮನೆಗೆ ಅವಳು ಬಂದದ್ದು ಅಮ್ಮನ ಬಾಯಿಯ ಮೂಲಕ. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಗೊತ್ತಿರುವವರಿಗೆ ಹೇಗೂ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ನನ್ನಿಂದ ಗೊತ್ತಾಗುವುದು ಬೇಡ. ಹಿಂದಿನ ಹೆಂಗಸರು ಗಂಡನ ಹೆಸರನ್ನು ಗೌರವಕ್ಕಾಗಿ ಹೇಳುತ್ತಿರಲಿಲ್ಲವಂತೆ. ನಾನು ಹೇಳದಿರುವುದು ಶುದ್ಧ ಹೊಟ್ಟೆಕಿಚ್ಚಿನಿಂದ, ಮತ್ತು ಆ ಕಿಚ್ಚು ಇನ್ನೂ ಪೂರ್ತಿ ಆರಿಲ್ಲ.

ಆಗ ನಾವಿದ್ದದ್ದು ಡೆಟ್ರಾಯಿಟ್‌ನ ಉತ್ತರಕ್ಕೆ, ಸ್ಟರ್ಲಿಂಗ್ ಹೈಟ್ಸ್‌ನ ಸಬ್‌ಡಿವಿಷನ್ ಎನ್ನುವ ಒಂದು ಬಡಾವಣೆಯಲ್ಲಿ. ಒಂದೇ ಅಂತಸ್ತಿನ ಮನೆ, ಕೆಳಗೆ ಬೇಸ್‌ಮೆಂಟ್. ಮನೆಯಲ್ಲಿ ಎಲ್ಲವೂ ಚೌಕ, ಎಲ್ಲವೂ ಕಂದು. ಕಾರ್ಪೆಟ್ಟು ಕಂದು, ಮರದ ಪ್ಯಾನೆಲ್ ಹೊಡೆದ ಗೋಡೆ ಕಂದು, ಸೋಫಾ ಕಂದು. ಅತಿಥಿಗಳು ಬಂದರೆ ಮಾತ್ರ ಹಾಲ್‌ನಲ್ಲಿ ಕೂರುತ್ತಿದ್ದೆವು, ಮಿಕ್ಕಂತೆ ನಮ್ಮ ಬದುಕೆಲ್ಲ ಅಡುಗೆಮನೆಯ ಮೇಜಿನ ಸುತ್ತಲೇ. ಅಪ್ಪ ಹುಬ್ಬಳ್ಳಿಯವರು, ಒಂದು ಕಾರು ಕಂಪನಿಯಲ್ಲಿ ಇಂಜಿನಿಯರ್. ಕಾರಿನ ಬಾಗಿಲಿನ ಹಿಂಜ್‌ಗಳನ್ನು ಅಂದರೆ ಕೀಲುಗಳನ್ನು ವಿನ್ಯಾಸ ಮಾಡುವುದು ಅವರ ಕೆಲಸ. ಅಮ್ಮ ಮೈಸೂರಿನ ಅಗ್ರಹಾರದವಳು, ಹೆಸರು ವಸುಧಾ. ಇಬ್ಬರೂ ಕನ್ನಡದವರೇ ಆದರೂ ಒಬ್ಬರ ಕನ್ನಡ ಇನ್ನೊಬ್ಬರಿಗೆ ನಗೆಪಾಟಲು. ನಾನು ಇಬ್ಬರಿಗೂ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಪಾರಾಗುತ್ತಿದ್ದೆ. ವಾರಕ್ಕೊಮ್ಮೆ ಮಾತ್ರ, ಶನಿವಾರ ಬೆಳಗ್ಗೆ ತಿಂಡಿಯಾದ ಮೇಲೆ, ಅಮ್ಮ ಮೇಜು ಒರೆಸಿ, ಗೆರೆ ಹಾಕಿದ ಹಾಳೆ ಹರಡಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಬರೆಸುತ್ತಿದ್ದಳು. ಅಕ್ಷರಗಳ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ನನ್ನ ಕೈಯ ಮೇಲೆ ಅವಳ ಕೈ ಇರುತ್ತಿತ್ತು. ಅಷ್ಟು ಹೊತ್ತು ಅವಳು ಒಲೆಯ ಕಡೆ ನೋಡುತ್ತಿರಲಿಲ್ಲ, ಫೋನ್ ಎತ್ತುತ್ತಿರಲಿಲ್ಲ, ಅಪ್ಪ ಕರೆದರೆ ‘ಆಮೇಲೆ’ ಎನ್ನುತ್ತಿದ್ದಳು. ಆ ಒಂದು ಗಂಟೆ ಅವಳು ಇಡಿಯಾಗಿ ನನ್ನವಳು. ಒಬ್ಬಳೇ ಮಗಳಾದ ನನಗೆ ಹಂಚಿಕೊಂಡು ಗೊತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ.

ಆ ಫ್ರೆಂಚ್ ಹೆಂಗಸಿಗೆ ಬಾಗಿಲು ತೆಗೆದವಳು ನಾನೇ ಎನ್ನುವುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಮ್ಮ ಪ್ರತಿ ದಸರಾಕ್ಕೆ ಹಾಲ್‌ನಲ್ಲಿ ಗೊಂಬೆ ಕೂರಿಸುತ್ತಿದ್ದಳು. ಅಪ್ಪನ ಬೇಸ್‌ಮೆಂಟಿನ ಶೆಲ್ಫುಗಳನ್ನು ಬಿಚ್ಚಿ ತಂದು ಮೆಟ್ಟಿಲು ಮಾಡಿ, ಮೇಲೆ ಬಿಳಿಯ ಬೆಡ್‌ಶೀಟ್ ಹಾಸಿ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳನ್ನು ಇಡುವುದು. ಅವು ಕೆಂಪು ಮರದ ರಾಜ ರಾಣಿ. ಮೈಸೂರಿನ ಕಡೆ ಮಗಳ ಮದುವೆಯಲ್ಲಿ ತಾಯಿ ಅವನ್ನು ಕೊಡುತ್ತಾಳೆ. ಅಜ್ಜಿ ಅಮ್ಮನಿಗೆ ಕೊಟ್ಟದ್ದು, ಮುಂದೆ ನನಗೆ ಬರಬೇಕಾದದ್ದು. ಪ್ರತಿ ವರ್ಷ ಅವಕ್ಕೆ ಹೊಸ ಬಟ್ಟೆ. ಅಮ್ಮ ಹಳೆಯ ರೇಷ್ಮೆ ಸೀರೆಯ ಅಂಚು ಕತ್ತರಿಸಿ, ಜರಿಯ ಎಳೆ ಬಿಡಿಸಿ, ಹೆಬ್ಬೆರಳಿನಷ್ಟು ರವಿಕೆಗೆ ಸಾಸಿವೆಯಂಥ ಮಣಿ ಹೊಲಿಯುತ್ತಿದ್ದಳು. ಅವಳು ಹೊಲಿಯುವಾಗ ಸೂಜಿಗೆ ದಾರ ಪೋಣಿಸಿ ಕೊಡುವವಳು ನಾನು. ಆ ವರ್ಷ ಜಂಬಕ್ಕೆ ನನ್ನ ಶಾಲೆಯ ಆರ್ಟ್ ಟೀಚರನ್ನು ಗೊಂಬೆ ನೋಡಲು ಕರೆದೆ. ಅವರು ತಮ್ಮ ದೊಡ್ಡಮ್ಮನನ್ನೂ ಕರೆದುಕೊಂಡು ಬಂದರು. ಮಿಸೆಸ್ ವಿಟ್‌ಕಾಂಬ್ ಎಂದು ಆಕೆಯ ಹೆಸರು. ಉದ್ದನೆಯ ಮುದುಕಿ, ಕೈಯಲ್ಲಿ ಕೋಲು, ಕಿವಿಯಲ್ಲಿ ಹಸಿರು ಗಾಜಿನ ಎಲೆಗಳು. ಗಣೇಶ, ಸರಸ್ವತಿ, ದಶಾವತಾರ ಯಾವುದನ್ನೂ ಕಣ್ಣೆತ್ತಿ ನೋಡದೆ ಆಕೆ ನೇರ ರಾಣಿಯ ರವಿಕೆಯ ಹತ್ತಿರ ಮೂಗು ತಂದು, ಇದನ್ನು ಹೊಲಿದವರು ಯಾರು ಎಂದು ಕೇಳಿದಳು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು.

ಅದಾಗಿ ಸ್ವಲ್ಪ ದಿನಕ್ಕೆ ಅಪ್ಪನ ಕೆಲಸ ಹೋಯಿತು. ಕಾರು ಕಂಪನಿಗಳೆಲ್ಲ ಮುಗ್ಗರಿಸಿದ್ದ ಆ ಕಾಲದಲ್ಲಿ ನಮ್ಮ ಬೀದಿಗೆ ಅದು ಸುದ್ದಿಯೂ ಆಗಿರಲಿಲ್ಲ. ಮನೆಗಳ ಮುಂದೆ ಮಾರಾಟದ ಬೋರ್ಡುಗಳು ಎದ್ದಿದ್ದವು, ನನ್ನ ಗೆಳತಿಯರ ಅಪ್ಪಂದಿರು ನಡುಮಧ್ಯಾಹ್ನ ಡ್ರೈವ್‌ವೇನಲ್ಲಿ ಕಾರು ತೊಳೆಯುತ್ತಿದ್ದರು. ನಮ್ಮಪ್ಪ ಸುಮ್ಮನೆ ಕೂರುವ ಜೀವವಲ್ಲ. ಮನೆಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಕಳಚಿ, ಹಿಂಜ್‌ಗಳನ್ನು ತಿಕ್ಕಿ, ಎಣ್ಣೆ ಬಿಟ್ಟು ಮತ್ತೆ ಜೋಡಿಸಿದರು. ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಯಾವ ಬಾಗಿಲೂ ಸದ್ದು ಮಾಡಲಿಲ್ಲ, ಯಾರು ಯಾವಾಗ ಒಳಗೆ ಬಂದರು ಯಾವಾಗ ಹೊರಗೆ ಹೋದರು ಗೊತ್ತೇ ಆಗುತ್ತಿರಲಿಲ್ಲ. ಬಾಗಿಲು ಮುಗಿದ ಮೇಲೆ ಅಡುಗೆಗೆ ಕೈಹಾಕಿದರು. ಅಷ್ಟರಲ್ಲಿ ಮಿಸೆಸ್ ವಿಟ್‌ಕಾಂಬ್ ಫೋನ್ ಮಾಡಿ, ತನ್ನ ಮನೆಯಲ್ಲಿ ರಿಪೇರಿಗೆ ಬಂದ ಹಳೆಯ ಬಟ್ಟೆಗಳಿವೆ, ನಿನ್ನಂಥ ಕೈ ಬೇಕು, ಬರುತ್ತೀಯಾ ಎಂದು ಅಮ್ಮನನ್ನು ಕೇಳಿದಳು. ಅಪ್ಪನೇ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅಮ್ಮನಿಗೆ ಡ್ರೈವಿಂಗ್ ಕಲಿಸಿದರು. ಮೊದಲು ವಾರಕ್ಕೆರಡು ದಿನ ಎಂದಿದ್ದ ಕೆಲಸ ಮೂರಾಯಿತು, ನಾಲ್ಕಾಯಿತು, ಕೊನೆಗೆ ಶನಿವಾರಕ್ಕೂ ಬಂತು. ನನ್ನ ಪಾಠ ಒತ್ತಕ್ಷರದ ಹತ್ತಿರ ನಿಂತಿತು. ಒತ್ತಕ್ಷರಗಳನ್ನು ನನಗೆ ಕಲಿಸಿದವರು ಅಪ್ಪ, ಅದೂ ಹಿಂಜ್‌ನ ಡ್ರಾಯಿಂಗಿನ ಹಾಗೆ ಸ್ಕೇಲು ಹಿಡಿದು. ಅವರ ಕೈ ನನ್ನ ಕೈಯ ಮೇಲೆ ಬರಲಿಲ್ಲ.

ಮುದುಕಿ ತನ್ನ ಮನೆಯಲ್ಲಿ ಕೂಡಿಹಾಕಿದ್ದೆಲ್ಲ ಆ ನಟಿಯದು, ಇಲ್ಲವೇ ಆ ನಟಿಯ ಕಾಲದ್ದು. ಪೋಸ್ಟರುಗಳು, ಬಣ್ಣದ ಗಾಜಿನ ದೀಪಗಳು, ಕೊಂಬಿನಲ್ಲಿ ಕೆತ್ತಿದ ಬಾಚಣಿಗೆಗಳು, ದಂತದ ಬಣ್ಣದ ಬೀಸಣಿಗೆಗಳು. ಜೊತೆಗೆ ಒಂದು ನಿಲುವಂಗಿ. ನಾಟಕದಲ್ಲಿ ರಾಣಿಯೋ ರಾಜಕುಮಾರಿಯೋ ಆಗಿ ಅವಳು ತೊಟ್ಟದ್ದಂತೆ. ನೆಲ ಗುಡಿಸುವಷ್ಟು ಉದ್ದ, ಅಂಚಿನ ತುಂಬ ಲೋಹದ ಎಳೆಯಲ್ಲಿ ಕಸೂತಿ ಮಾಡಿದ ಲಿಲ್ಲಿ ಹೂಗಳು, ಅರ್ಧಕ್ಕರ್ಧ ಕಪ್ಪಿಟ್ಟು ಕಳಚಿಹೋಗಿದ್ದವು. ಅಲ್ಲಿಯ ದರ್ಜಿಗಳು ಕೈಯಾಡಿಸಲು ಹೆದರಿದ್ದನ್ನು ಅಮ್ಮ ನೋಡಿದ ಕೂಡಲೇ, ಇದು ನಮ್ಮ ಜರಿಯಲ್ಲವೇ ಎಂದು ಮಡಿಲಿಗೆ ಎಳೆದುಕೊಂಡಳಂತೆ. ಒಂದೊಂದು ಹೂವನ್ನು ಬಿಚ್ಚಿ, ಒಳಗಿನ ರೇಷ್ಮೆ ಬದಲಿಸಿ, ಅದೇ ಎಳೆಯನ್ನು ಅದೇ ತೂತಿನಲ್ಲಿ ಕೂರಿಸಬೇಕು. ಆ ಕೆಲಸ ಮಾಡುವಾಗ ಮುದುಕಿ ಪಕ್ಕದಲ್ಲಿ ಕೂತು ನಟಿಯ ಕತೆ ಹೇಳುತ್ತಿದ್ದಳು. ಅಮ್ಮ ಅದನ್ನೆಲ್ಲ ಹೊತ್ತು ತಂದು ಸಂಜೆ ನಮ್ಮ ಊಟದ ಮೇಜಿಗೆ ಸುರಿಯುತ್ತಿದ್ದಳು. ಅದೂ ಹೇಗೆ? ಇವತ್ತು ನೋಡಿ ಬಂದವಳ ಹಾಗೆ.

“ಐವತ್ತು ದಾಟಿದ್ಮೇಲೆ ಗಂಡು ವೇಷ ಹಾಕ್ತಾಳೆ ರೀ! ರಾಜಕುಮಾರ. ಕತ್ತಿ ಹಿಡ್ಕೊಂಡು ಸ್ಟೇಜ್ ಮೇಲೆ ಹಾರ್ತಾಳೆ. ಊರೆಲ್ಲ ನಗತ್ತೆ ಅಂದ್ಕೊಂಡ್ರೆ ಊರೆಲ್ಲ ಅಳತ್ತೆ.”

“ಸಾರಿಗ ಉಪ್ಪು ಸರಿ ಅದನೋ ಇಲ್ಲೋ ಹೇಳು ಮೊದಲ,” ಎಂದರು ಅಪ್ಪ.

“ಮಲಗೋದು ಶವಪೆಟ್ಟಿಗೆಲಿ ಅಂತೆ! ಒಳಗೆ ಸ್ಯಾಟಿನ್ ಹಾಸಿಸ್ಕೊಂಡಿದಾಳೆ. ಪಾತ್ರ ಕಲಿಯೋದೂ ಅದ್ರಲ್ಲೇ ಮಲ್ಕೊಂಡು. ಅಮೆರಿಕಾಕ್ಕೆ ಬಂದ್ರೆ ಅವಳಿಗೇ ಅಂತ ಒಂದು ಟ್ರೈನು.”

ಸೌಟನ್ನು ಕತ್ತಿಯ ಹಾಗೆ ಹಿಡಿದು, ಸೆರಗನ್ನು ಹೆಗಲ ಮೇಲೆ ನಿಲುವಂಗಿಯ ಹಾಗೆ ಹೊದ್ದು ಅಮ್ಮ ಸಾಯುವ ದೃಶ್ಯ ಮಾಡಿ ತೋರಿಸುತ್ತಿದ್ದಳು. ಅಲ್ಲಿಯವರೆಗೆ ಅವಳು ಕೂಗಿ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ. ಆಗ ಅವಳ ಗಂಟಲಿನಿಂದ ಹೊರಟ ಧ್ವನಿಗೆ ಗ್ಯಾಸ್ ಒಲೆಯ ಮೇಲಿನ ತಟ್ಟೆ ಸಹ ನಡುಗಿತು ಎಂದು ನನಗೆ ಅನ್ನಿಸಿತು. ಅದು ಚೆನ್ನಾಗಿತ್ತು, ಅದೇ ನನ್ನ ಸಂಕಟ. ಚೆನ್ನಾಗಿಲ್ಲದಿದ್ದರೆ ಮುಖ ತಿರುಗಿಸಿಕೊಂಡು ಟಿವಿ ನೋಡಬಹುದಿತ್ತು. ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ, ನೋಡುತ್ತ ನೋಡುತ್ತ ಉರಿಯುತ್ತಿದ್ದೆ. ನನಗೆ ಜ್ವರ ಬಂದಾಗ, ನನಗೆ ಸ್ಪೆಲ್ಲಿಂಗ್ ಸ್ಪರ್ಧೆಯಲ್ಲಿ ಬಹುಮಾನ ಬಂದಾಗ, ಎಂದಾದರೂ ಅಮ್ಮನ ಕಣ್ಣು ಹೀಗೆ ಹೊಳೆದಿತ್ತೇ? ನನ್ನ ಬಗ್ಗೆ ಫೋನಿನಲ್ಲಿ ಅಜ್ಜಿಗೆ ಹೇಳುವಾಗ ಅವಳು ಹೇಳುತ್ತಿದ್ದದ್ದು, ಚೆನ್ನಾಗಿದಾಳೆ, ಸರಿಯಾಗಿ ತಿನ್ನಲ್ಲ, ಇಷ್ಟೇ.

ಅಪ್ಪನಿಗೂ ಹೊಟ್ಟೆ ಉರಿಯುತ್ತಿತ್ತು. ಅವರು ಅದನ್ನು ಹುಳಿಯ ನೆಪದಲ್ಲಿ ತೋಡಿಕೊಳ್ಳುತ್ತಿದ್ದರು. ಅಳತೆಯ ಕಪ್ಪು, ಚಮಚ ಹಿಡಿದು ಅಳೆದೂ ಸುರಿದೂ ಅವರು ಮಾಡಿದ ಅಡುಗೆಯನ್ನು ಅಮ್ಮ ಮಾತಿನ ಭರದಲ್ಲಿ ಏನು ತಿನ್ನುತ್ತಿದ್ದೇನೆ ಎನ್ನುವ ಪರಿವೆಯಿಲ್ಲದೆ ತಿಂದು ಏಳುತ್ತಿದ್ದಳು. ಒಂದು ಸಂಜೆ ಜಗಳ ಬಾಯಿಗೆ ಬಂತು.

“ನಮ್ಮನ್ಯಾಗ ಎಷ್ಟು ಮಂದಿ ಇದ್ದೇವಿ ವಸುಧಾ? ಮೂರೋ, ನಾಲ್ಕೋ?” ಎಂದು ಅಪ್ಪ ತಟ್ಟೆ ಸರಿಸಿದರು. “ನಾಲ್ಕಂದ್ರ ಹೇಳು, ಇನ್ನೊಂದು ಕುರ್ಚಿ ತರ್ತೇನಿ.”

“ದುಡಿದು ಬಂದವಳು ಎರಡು ಮಾತಾಡಬಾರದೇನ್ರೀ?”

“ಮಾತಾಡವಾ. ನಿಂದು ಮಾತಾಡು. ಆಕೀದು ಯಾಕ?”

“ನಂದು ಏನಿದೆ ಹೇಳಿ ಮಾತಾಡಕ್ಕೆ?”

ಅಮ್ಮ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿ ಕೇಳಿದ ಹಾಗಿತ್ತು. ಅಪ್ಪ ಸರಿಸಿದ ತಟ್ಟೆಯನ್ನು ಮತ್ತೆ ಎಳೆದುಕೊಂಡರು. ನನ್ನ ಹತ್ತಿರ ಉತ್ತರ ಇತ್ತು, ನಾನಿದ್ದೀನಲ್ಲ ಎಂದು. ಆದರೆ ಕೇಳಿದ್ದು ನನ್ನನ್ನಲ್ಲ. ಮೊಸರನ್ನ ಕಲಸಿದೆ.

ಮತ್ತೆ ದಸರಾ ಬಂತು. ಆ ಸಲ ಪಟ್ಟದ ಗೊಂಬೆಗಳಿಗೆ ಹೊಸ ಬಟ್ಟೆ ಹೊಲಿಯಲು ಅಮ್ಮನಿಗೆ ಬಿಡುವಾಗಲಿಲ್ಲ, ಹಳೆಯದನ್ನೇ ಉಡಿಸಿದಳು. ನಾನು ಅದನ್ನು ಗಮನಿಸಿ ಒಳಗೇ ಗಂಟು ಹಾಕಿಟ್ಟೆ. ಹಬ್ಬದ ಮೊದಲ ದಿನ ಅವಳು ಮುದುಕಿಯ ಮನೆಯಿಂದ ಹತ್ತಿ ತುಂಬಿದ ಒಂದು ಪೆಟ್ಟಿಗೆ ತಂದಳು. ಒಳಗೆ ಆ ನಟಿಯ ಪ್ರತಿಮೆ, ಮೊಳದುದ್ದದ ಪಿಂಗಾಣಿ, ಹೊಳಪಿನ ಲೇಪವಿಲ್ಲದ ಹಾಲುಬಿಳುಪು. ಮೈತುಂಬ ನೆರಿಗೆ ನೆರಿಗೆಯಾಗಿ ಇಳಿಬಿದ್ದ ಉಡುಪು, ಬಿಚ್ಚಿದ ಕೂದಲಲ್ಲಿ ಹೂಗಳು, ಕೈಯಲ್ಲಿ ಲಿಲ್ಲಿಯ ಗೊಂಚಲು, ತಲೆಯ ಹಿಂದೆ ಚಕ್ರದಂಥ ಒಂದು ದೊಡ್ಡ ಬಳೆ. ಮುದುಕಿಯೇ ಕೊಟ್ಟು ಕಳಿಸಿದ್ದಂತೆ, ಇವಳು ಎಲ್ಲ ಸ್ಟೇಜ್ ಹತ್ತಿದ್ದಾಳೆ, ನಿನ್ನದೊಂದು ಬಾಕಿ ಎಂದು. ಅಮ್ಮ ರಾಜ ರಾಣಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ ಅವಳನ್ನು ಮೇಲಿಟ್ಟಳು. ನಾಳೆ ನನ್ನವಾಗಬೇಕಾದ ಗೊಂಬೆಗಳು ಹಳೆಯ ಬಟ್ಟೆಯಲ್ಲಿ ಕೆಳಗೆ, ಅವಳು ಮೇಲೆ.

“ಅದು ಅವರ ಜಾಗ,” ಎಂದೆ ಇಂಗ್ಲಿಷಿನಲ್ಲಿ.

“ಒಂಬತ್ತು ದಿನ ತಾನೇ ಶುಭಿ. ಮನೆಗೆ ಬಂದವರನ್ನ ಕೆಳಗೆ ಕೂರಿಸಕ್ಕಾಗತ್ತಾ?”

ಹಬ್ಬದ ಒಂದು ಸಂಜೆ ಆರತಿಗೆ ನಮ್ಮ ಕಡೆಯ ಹೆಂಗಸರು ಬಂದರು. ಅವರಲ್ಲಿ ಪಕ್ಕದ ಊರು ಟ್ರಾಯ್‌ನ ಸರೋಜಾ ಆಂಟಿ ಎಲ್ಲರಿಗಿಂತ ಮುಂದು. ಪೂಜೆ, ಹಾಡು, ಊಟ, ಉಳಿದದ್ದನ್ನು ಡಬ್ಬಿಗೆ ಹಾಕುವುದು, ಎಲ್ಲದರಲ್ಲೂ ಮುಂದು. ಅಮ್ಮ ಅಡುಗೆಮನೆಯಲ್ಲಿ ಕಡಲೆಕಾಳಿನ ಉಸಲಿಗೆ ಒಗ್ಗರಣೆ ಹಾಕುತ್ತಿದ್ದಳು. ಆಂಟಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಗೊಂಬೆಗಳ ಮುಂದೆ ನಿಂತರು. ಮೇಲಿನ ಮೆಟ್ಟಿಲು, ತಲೆಯ ಹಿಂದೆ ಪ್ರಭಾವಳಿ, ಕೈಯಲ್ಲಿ ಹೂವು, ಬಿಟ್ಟ ಕೂದಲು. ಇನ್ನೇನು ಬೇಕು ಅವರಿಗೆ?

“ಅಯ್ಯೋ, ಮಹಾಲಕ್ಷ್ಮಿ ಹಣೆ ಖಾಲಿ ಬಿಟ್ಟಿದಾಳಲ್ಲ ವಸುಧಾ! ಕೆಲಸಕ್ಕೆ ಹೋಗಕ್ಕೆ ಶುರು ಮಾಡಿದ್ಮೇಲೆ ಇವಳಿಗೆ ಎಲ್ಲಾ ಮರ್ತೋಗಿದೆ,” ಎಂದು ಆಂಟಿ ಬೆರಳನ್ನು ನೀರಿಗದ್ದಿ, ಕುಂಕುಮ ಕಲಸಿ, ಹಣೆಗೆ ಕಾಸಿನಗಲ ಇಟ್ಟರು. ಕೆನ್ನೆಗೆ ಅರಿಶಿನವನ್ನೂ ಸವರಿದರು.

ನಾನು ಅಲ್ಲೇ ನಿಂತಿದ್ದೆ. ಎಲ್ಲ ಒಂದು ಉಸಿರಿನಲ್ಲಿ ಆಗಿಹೋಯಿತು. ಆಂಟಿ ‘ಲಕ್ಷ್ಮೀ ಬಾರಮ್ಮಾ’ ಎನ್ನುವಂಥದ್ದೇನೋ ರಾಗ ಎಳೆದರು, ಉಳಿದವರು ಆರತಿ ಎತ್ತಿದರು. ಅಮ್ಮ ಉಸಲಿಯ ಪಾತ್ರೆ ಹಿಡಿದು ಬಂದವಳು ಅಲ್ಲೇ ನಿಂತುಬಿಟ್ಟಳು. ಲೇಪವಿಲ್ಲದ ಪಿಂಗಾಣಿ ಒದ್ದೆ ಬಣ್ಣವನ್ನು ಸುಣ್ಣದ ಗೋಡೆಯ ಹಾಗೆ ಹೀರಿಕೊಳ್ಳುತ್ತದೆ. ಎಲ್ಲರೂ ಹೋದ ಮೇಲೆ ಅಮ್ಮ ಒದ್ದೆ ಹತ್ತಿ, ಅಂಟುವಾಳದ ನೊರೆ ಎಲ್ಲ ಪ್ರಯತ್ನಿಸಿದಳು. ಅರಿಶಿನ ಮಾಸಿತು. ಕುಂಕುಮ ಹೋಗಲಿಲ್ಲ, ಇನ್ನೂ ಸ್ವಲ್ಪ ಅಗಲವಾಯಿತು. ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ? ಈಗ ಮುದುಕಿ ಬೈಯುತ್ತಾಳೆ, ಅಮ್ಮನನ್ನು ಕೆಲಸದಿಂದ ತೆಗೆಯುತ್ತಾಳೆ, ಅಮ್ಮ ಮನೆಗೆ ಬರುತ್ತಾಳೆ ಎಂದು ನನ್ನ ಲೆಕ್ಕ. ಸರೋಜಾ ಆಂಟಿಯ ಮೇಲೆ ನನಗೆ ಅಂದು ಬಂದಷ್ಟು ಪ್ರೀತಿ ಮುಂದೆಂದೂ ಬರಲಿಲ್ಲ.

ವಿಜಯದಶಮಿಯ ಸಂಜೆ ಒಂದು ಗೊಂಬೆಯನ್ನಾದರೂ ಮಲಗಿಸುವುದು ಪದ್ಧತಿ. ಹಬ್ಬ ಮುಗಿಯಿತು, ನಿದ್ದೆ ಮಾಡಿ ಎಂದು. ಪ್ರತಿ ವರ್ಷ ರಾಣಿಯನ್ನು ಮಲಗಿಸುವವಳು ನಾನು. ಆ ಸಲ ಅಮ್ಮ ನನ್ನನ್ನು ಕರೆಯದೆ ನಟಿಯನ್ನೇ ಎತ್ತಿ ಹತ್ತಿಯ ಪೆಟ್ಟಿಗೆಯಲ್ಲಿ ಮಲಗಿಸಿದಳು. “ಇವಳಿಗೆ ಪೆಟ್ಟಿಗೆ ಅಭ್ಯಾಸ ಅಲ್ವಾ,” ಎಂದು ನಗಲು ನೋಡಿದಳು, ಆಗಲಿಲ್ಲ, ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತಳು. ಅವಳು ಹೆದರಿದ್ದು ನನಗೆ ಕಾಣುತ್ತಿತ್ತು. ಒಬ್ಬಳೇ ಹೋಗಲು ಧೈರ್ಯವಿಲ್ಲದೆಯೋ ಏನೋ, ಮಾರನೆಯ ದಿನ ಪೆಟ್ಟಿಗೆ ವಾಪಸು ಕೊಡಲು ಹೋಗುವಾಗ ನನ್ನನ್ನೂ ಕರೆದುಕೊಂಡಳು. ನಾನು ಕುಣಿಯುತ್ತ ಹೊರಟೆ.

ಗ್ರಾಸ್ ಪಾಯಿಂಟ್‌ನ ಸರೋವರದ ಬದಿಯ ಮನೆ ಅದು. ಬಾಗಿಲ ಹಿಡಿಯಿಂದಲೇ ಶುರು. ಹಿಡಿ ಹಿಡಿಯಾಗಿರಲಿಲ್ಲ, ಸುರುಳಿ ಸುತ್ತಿದ ಹಿತ್ತಾಳೆಯ ಬಳ್ಳಿ. ಒಳಗೆ ನೇರವಾದ ಗೆರೆ ಒಂದೂ ಇರಲಿಲ್ಲ. ಕುರ್ಚಿಯ ಕೈ ತಾವರೆಯ ದಂಟಿನ ಹಾಗೆ ಬಾಗಿತ್ತು, ಮೆಟ್ಟಿಲ ಕಂಬಿ ಹೊಗೆಯ ಹಾಗೆ ಏರಿತ್ತು, ದೀಪದ ಗಾಜಿನಲ್ಲಿ ಏರೋಪ್ಲೇನ್ ಚಿಟ್ಟೆಗಳು ರೆಕ್ಕೆ ಹರಡಿದ್ದವು. ಒಂದು ಕಪಾಟಿನಲ್ಲಿ ಹಾವು ಸುತ್ತಿದ ಕೈಬಳೆ ಇತ್ತು, ಅಮ್ಮನ ಮದುವೆಯ ಫೋಟೋದಲ್ಲಿ ಅಜ್ಜಿಯ ತೋಳಿನಲ್ಲಿದ್ದ ನಾಗಮುರಿಗೆಯ ಅಕ್ಕನೋ ತಂಗಿಯೋ ಎನ್ನುವ ಹಾಗೆ. ಮತ್ತೆ ಗೋಡೆಯ ಮೇಲೆ ಅವಳು, ಆಳೆತ್ತರದ ಪೋಸ್ಟರಿನಲ್ಲಿ. ಅವಳು ಕುರೂಪಿಯಾಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಸುಂದರಿಯೇನೂ ಅಲ್ಲ. ಕಡ್ಡಿ ಮೈ, ಉದ್ದ ಮೂಗು, ಸಿಕ್ಕುಗಟ್ಟಿದ ಕೂದಲು. ಆದರೆ ಅವಳು ನನ್ನನ್ನು ನೋಡಲೇ ಇಲ್ಲ. ನನ್ನ ತಲೆಯ ಮೇಲಿನಿಂದ ಯಾರನ್ನೋ ನೋಡುತ್ತಿದ್ದಳು, ತಿರುಗಿದರೆ ಹಿಂದೆ ಅಮ್ಮ ನಿಂತಿದ್ದಳು.

ಆ ಮನೆಯಲ್ಲಿ ನನ್ನನ್ನು ನಿಜವಾಗಿ ಸುಟ್ಟದ್ದು ಪೋಸ್ಟರಲ್ಲ, ಅಮ್ಮ. ಬಾಗಿಲು ದಾಟಿದ ಕೂಡಲೇ ಅವಳ ಬೆನ್ನು ನೆಟ್ಟಗಾಯಿತು. ಕೋಟನ್ನು ಕಳಚಿ ತನ್ನದೇ ಮನೆ ಎನ್ನುವಂತೆ ಕೊಕ್ಕೆಗೆ ಹಾಕಿದಳು. ಮನೆಯಲ್ಲಿ ಫೋನ್ ಎತ್ತಿದರೆ ‘ಹಲೋ, ಜಸ್ಟ್ ಎ ಮಿನಿಟ್’ ಎಂದು ಅಪ್ಪನ ಕೈಗೆ ಕೊಡುವವಳು ಇಲ್ಲಿ ಇಂಗ್ಲಿಷಿನಲ್ಲಿ ವಾದ ಮಾಡುತ್ತಿದ್ದಳು, ಹೂವಿನ ಎಸಳು ಯಾವ ಕಡೆ ಬಾಗಬೇಕು ಎಂದು. ಮುದುಕಿ ಅವಳನ್ನು ‘ವಸೂ’ ಎಂದು ಕರೆಯುತ್ತಿದ್ದಳು. ಅಪ್ಪನೂ ಹಾಗೆ ಕರೆದದ್ದನ್ನು ನಾನು ಕೇಳಿರಲಿಲ್ಲ. ಕಿಟಕಿಯ ಹತ್ತಿರ ನೆಲದ ಮೇಲೆ ಆ ನಿಲುವಂಗಿ ಹರಡಿತ್ತು. ಸರಿಮಾಡಿದ ಅರ್ಧದಲ್ಲಿ ಲಿಲ್ಲಿಗಳು ಎದ್ದು ಬರುವಂತೆ ಹೊಳೆಯುತ್ತಿದ್ದವು. ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಡಲಾಗಿತ್ತು. ಮುದುಕಿಯೇ ಪೋಣಿಸಿ ಇಡುತ್ತಾಳಂತೆ. ಆ ಕೆಲಸ ನನ್ನದು ಎಂದು ಕೂಗಬೇಕೆನ್ನಿಸಿತು.

ಅಮ್ಮ ಪೆಟ್ಟಿಗೆ ತೆರೆದಳು. ಮುದುಕಿ ಭೂತಗನ್ನಡಿ ತಂದು ಆ ಕೆಂಪು ಬೊಟ್ಟನ್ನು ಬಹಳ ಹೊತ್ತು ನೋಡಿದಳು. ನಾನು ಬೈಗುಳಕ್ಕೆ ಕಾದೆ. ಇದೇನು ಎಂದು ಆಕೆ ಕೇಳಿದಾಗ ಅಮ್ಮ, ತಪ್ಪಾಯಿತು, ನಮ್ಮಲ್ಲಿ ದೇವಿಗೆ ಇಡುತ್ತೇವೆ, ಮನೆಗೆ ಬಂದ ಮುತ್ತೈದೆಗೆ ಇಡುತ್ತೇವೆ ಎಂದು ತಡವರಿಸಿದಳು. ಮುದುಕಿಯ ಮುಖ ಅರಳಿತು. ಇವಳಿಗೆ ಚಕ್ರವರ್ತಿಗಳು ಹಾರ ಹಾಕಿದ್ದಾರೆ, ಜನ ಕುದುರೆ ಬಿಚ್ಚಿ ತಾವೇ ಗಾಡಿ ಎಳೆದಿದ್ದಾರೆ, ಆರತಿ ಮಾತ್ರ ಯಾರೂ ಎತ್ತಿರಲಿಲ್ಲ, ಇದನ್ನು ಅಳಿಸಿದರೆ ಕೈ ಮುರಿಯುತ್ತೇನೆ ಎಂದು ಬಿದ್ದು ಬಿದ್ದು ನಕ್ಕಳು. ಅಮ್ಮನೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಾನೊಬ್ಬಳೇ ನಗದೆ ನಿಂತಿದ್ದೆ. ಆ ನಗುವಿನ ನಡುವೆಯೇ ಮುದುಕಿ ಹೇಳಿದಳು, ಈ ಕಾಲದಲ್ಲಿ ಇಷ್ಟು ದೊಡ್ಡ ಮನೆ ಸಾಕಲು ತನ್ನಿಂದ ಆಗುತ್ತಿಲ್ಲ, ಮಾರುತ್ತಿದ್ದೇನೆ. ಶಿಕಾಗೋ ಹತ್ತಿರ ಓಕ್ ಬ್ರೂಕ್‌ನಲ್ಲಿ ತಮ್ಮನ ಮಗ ತನಗೂ ಈ ವಸ್ತುಗಳಿಗೂ ಜಾಗ ಕೊಡುತ್ತಾನೆ. ಅಲ್ಲಿ ಎಲ್ಲವನ್ನೂ ಜೋಡಿಸಿ ಜನ ನೋಡುವಂತೆ ಮಾಡಬೇಕು. ವಸೂ, ನೀನು ಬಾ. ಗರಾಜಿನ ಮೇಲೆ ಎರಡು ಕೋಣೆಗಳಿವೆ, ಹತ್ತಿರದಲ್ಲೇ ಶಾಲೆ ಇದೆ, ಮಗಳನ್ನೂ ಕರೆದುಕೊಂಡು ಬಾ, ನಿಲುವಂಗಿ ಮುಗಿಸು, ಆಮೇಲೆ ಇನ್ನೂ ಬೇಕಾದಷ್ಟಿದೆ.

ವಾಪಸು ಬರುವಾಗ ಅಮ್ಮ ರೇಡಿಯೋ ಹಾಕಲಿಲ್ಲ. ಎರಡು ಸಲ ಎಕ್ಸಿಟ್ ತಪ್ಪಿಸಿದಳು.

ಆ ಸಂಜೆ ಅಡುಗೆಮನೆಯಲ್ಲಿ ಅವಳು ಅಪ್ಪನಿಗೆ ವಿಷಯ ಹೇಳಿದಳು. ಅಪ್ಪ ಕೂಗಾಡುತ್ತಾರೆ, ಬೇಡ ಎನ್ನುತ್ತಾರೆ, ನನ್ನ ಪರವಾಗಿ ಎಲ್ಲ ಅವರೇ ನೋಡಿಕೊಳ್ಳುತ್ತಾರೆ ಎಂದು ನಾನು ನಿಶ್ಚಿಂತೆಯಿಂದ ಚಪಾತಿ ಹರಿಯುತ್ತಿದ್ದೆ. ಅಪ್ಪ ಒಲೆ ಆರಿಸಿ ಕೈ ಒರೆಸಿಕೊಂಡರು.

“ಹೋಗ್ರಿ ಇಬ್ರೂ,” ಎಂದರು. “ಇಲ್ಲೇ ಕುಂತು ಏನ್ ಮಾಡ್ತೀರಿ? ನನಗೂ ಆ ಕಡೆನ ನೌಕರಿ ಸಿಗಬಹುದು. ಸಿಗೋ ತನಕ ಇಲ್ಲೇ ಇರ್ತೇನಿ, ಮನಿ ಕಾಯ್ಕೊಂಡು. ಅಡಗಿ ಕಲ್ತೇನಲ್ಲ.”

“ನಿಜವಾಗ್ಲೂ ಹೇಳ್ತಿದೀರಾ?”

“ಅವತ್ತು ನೀ ಕೇಳಿದ್ದಿ, ನಂದೇನದ ಅಂತ. ಹೌದಲ್ಲ, ಏನದ? ನಾ ಭಾಳ ವಿಚಾರ ಮಾಡ್ದೆ. ಹೋಗು.”

ಅಮ್ಮ ಅಪ್ಪನನ್ನು ಹಾಗೆ ನೋಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನಂತರ ಅವಳು ನನ್ನ ಕುರ್ಚಿಯ ಹತ್ತಿರ ಬಂದು ನೆಲದ ಮೇಲೆ ಮಂಡಿಯೂರಿ ಕೂತಳು. ಅವಳ ಮುಖ ನನ್ನ ಮುಖಕ್ಕಿಂತ ಕೆಳಗಿತ್ತು.

“ನೀನು ಬರ್ತೀಯಾ ಶುಭಿ? ನೀನು ಬಂದ್ರೆ ಮಾತ್ರ ನಾನು ಹೋಗೋದು. ನಿಂಗೆ ಎಲ್ಲಾ ತೋರಿಸ್ತೀನಿ. ಆ ಹೂವು ಹೊಲಿಯೋದು ಕಲಿಸ್ತೀನಿ. ಅವಳ ಬಗ್ಗೆ ನಿಂಗೆ ಹೇಳದೆ ಇರೋದು ಇನ್ನೂ ಎಷ್ಟೊಂದಿದೆ ಗೊತ್ತಾ?”

ಕೊನೆಯ ಮಾತು ಅವಳು ಆಡದಿದ್ದರೆ ನಾನು ಹೂಂ ಎನ್ನುತ್ತಿದ್ದೆನೋ ಏನೋ. ಅಷ್ಟು ಹತ್ತಿರ, ಅಷ್ಟು ಆಸೆಯಿಂದ ಅವಳು ನನ್ನನ್ನು ಏನನ್ನೂ ಕೇಳಿರಲಿಲ್ಲ. ಆದರೆ ಅಮ್ಮನ ಕಣ್ಣಿನ ಆ ಹೊಳಪು ಯಾರದ್ದು ಎನ್ನುವುದು ನನಗೆ ಗೊತ್ತಿತ್ತು. ಆ ನಟಿಯ ಮನೆಯಲ್ಲಿ, ಅವಳ ದೀಪದ ಕೆಳಗೆ, ಅವಳ ಕತೆ ಕೇಳುತ್ತ, ಅವಳ ಹೂವು ಹೊಲಿಯುತ್ತ ಬದುಕಬೇಕಂತೆ ನಾನು!

“ನೋ,” ಎಂದೆ.

ನಾನು ಚಪಾತಿ ತಿಂದೆ. ಅಮ್ಮ ಮಂಡಿಯ ಮೇಲೆ ಕೈಯೂರಿ ಎದ್ದು, ಸೀರೆ ಕೊಡವಿಕೊಂಡು, ಗೋಡೆಯ ಫೋನ್ ಎತ್ತಿದಳು. ಮಗಳ ಶಾಲೆ ಇದೆ, ನಡುವೆ ಬಿಡಿಸುವುದು ಕಷ್ಟ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. ಮಕ್ಕಳು ತಾಯಿಯನ್ನು ಹಂಚಿಕೊಳ್ಳಬೇಕು ಎಂದು ನನಗೆ ಉಪದೇಶ ಮಾಡಿದವರು ಆಮೇಲೆ ಬಹಳ ಮಂದಿ ಸಿಕ್ಕಿದ್ದಾರೆ. ಹತ್ತು ಹನ್ನೊಂದು ವರ್ಷದವಳಿಂದ ಇನ್ನೇನು ಉತ್ತರ ಬರಬೇಕಿತ್ತು ಎಂದು ನಾನು ಅವರನ್ನೇ ಕೇಳುತ್ತೇನೆ. ನನಗೆ ನನ್ನ ಅಮ್ಮ ಬೇಕಾಗಿದ್ದಳು. ಕೇಳಿದೆ, ಸಿಕ್ಕಳು.

ಹಿಮ ಬೀಳುವ ಮೊದಲೇ ದೊಡ್ಡ ಟ್ರಕ್ಕಿನಲ್ಲಿ ಆ ವಸ್ತುಗಳೆಲ್ಲ ಹೋದವು. ಈಗ ನಾನಿರುವುದು ಪ್ಲೇನ್‌ಫೀಲ್ಡ್‌ನಲ್ಲಿ, ಓಕ್ ಬ್ರೂಕ್‌ನ ಎಕ್ಸಿಟ್ ದಾಟಿಯೇ ಶಿಕಾಗೋಗೆ ಹೋಗಬೇಕು. ಆ ಮನೆ ಎಲ್ಲಿತ್ತೆಂದು ನಾನು ವಿಚಾರಿಸಿಲ್ಲ, ವಿಚಾರಿಸುವುದೂ ಇಲ್ಲ. ನಿಲುವಂಗಿಯ ಮಿಕ್ಕ ಅರ್ಧವನ್ನು ಯಾರು ಹೊಲಿದರೋ ಗೊತ್ತಿಲ್ಲ.

ಟ್ರಕ್ಕು ಹೋದ ಮೇಲೆ ಮನೆ ಮೊದಲಿನ ಹಾಗಾಯಿತು, ಅಂದರೆ ನಾನು ಬೇಡಿಕೊಂಡ ಹಾಗೆಯೇ ಆಯಿತು. ಶನಿವಾರ ಬೆಳಗ್ಗೆ ಅಮ್ಮ ಮೇಜು ಒರೆಸಿ ಹಾಳೆ ಹರಡಿದಳು. ಅಪ್ಪನಿಗೆ ಒಂದು ಸಣ್ಣ ಬಿಡಿಭಾಗದ ಕಾರ್ಖಾನೆಯಲ್ಲಿ ಅರೆಬರೆ ಕೆಲಸ ಸಿಕ್ಕಿತು, ಅಡುಗೆ ಮತ್ತೆ ಅಮ್ಮನ ಕೈಗೆ ಬಂತು. ಹುಳಿಗೆ ಹುಳಿಯ ರುಚಿ ಬಂತು. ಊಟಕ್ಕೆ ನಾವು ಮೂವರೇ ಕೂತೆವು. ಅಮ್ಮ ಯಾರ ಮೇಲೂ ಸಿಟ್ಟು ಮಾಡಿಕೊಂಡಿರಲಿಲ್ಲ. ನನ್ನ ತಲೆ ಬಾಚಿದಳು, ಡಬ್ಬಿ ಕಟ್ಟಿದಳು, ಸ್ಕೂಲಿನಲ್ಲಿ ಏನಾಯಿತೆಂದು ಕೇಳಿದಳು. ಕೇಳಿ ಮುಗಿದ ಮೇಲೆ ಹೇಳಲು ಅವಳ ಹತ್ತಿರ ಏನೂ ಇರುತ್ತಿರಲಿಲ್ಲ. ಚಮಚ ತಟ್ಟೆಗೆ ತಾಗುವ ಸದ್ದು ಕೇಳಿಸುತ್ತಿತ್ತು. ಅಪ್ಪ ಒಂದೆರಡು ದಿನ ಹವಾಮಾನದ ಬಗ್ಗೆ ಮಾತಾಡಿ ಸುಮ್ಮನಾದರು. ಅವಳ ಪಕ್ಕದ ಕುರ್ಚಿಯಲ್ಲಿ ಅಂಟಿಕೊಂಡು ಕೂತಿದ್ದ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಇಡಿಯಾಗಿ ನನ್ನವಳಾಗಿದ್ದ ಅವಳು ಎಲ್ಲೂ ಇರಲಿಲ್ಲ. ಇಷ್ಟು ಮಾಡಿಯೂ ನಾನು ಗೆಲ್ಲಲಿಲ್ಲವಲ್ಲ ಎಂದು ನನಗೆ ಅಳು ಬಂತು. ಆ ಫ್ರೆಂಚ್ ಹೆಂಗಸು ಓಕ್ ಬ್ರೂಕ್‌ಗೆ ಹೋಗುವಾಗ ಸೌಟನ್ನು ಕತ್ತಿಯ ಹಾಗೆ ಹಿಡಿಯುತ್ತಿದ್ದ ನನ್ನ ಅಮ್ಮನನ್ನೂ ಟ್ರಕ್ಕಿಗೆ ಹಾಕಿಕೊಂಡು ಹೋಗಿದ್ದಳು. ಆ ಅಮ್ಮ ನನಗೆ ಬೇಕಾಗಿದ್ದಳು. ಅಷ್ಟು ದಿನ ಬೇಕಾಗಿದ್ದದ್ದೂ ಅವಳೇ ಎಂದು ಆಗಲೇ ತಿಳಿದದ್ದು. ಒಂದು ಸಂಜೆ, ಹೊರಗೆ ಮೊದಲ ಹಿಮ ಬೀಳುತ್ತಿರುವಾಗ, ನನ್ನ ಬಿಗುಮಾನವನ್ನೆಲ್ಲ ನುಂಗಿಕೊಂಡು, ಇಂಗ್ಲಿಷ್ ಬಿಟ್ಟು, ಅವಳಿಗೆ ಇಷ್ಟವಾಗಲಿ ಎಂದು ಕನ್ನಡದಲ್ಲೇ ಕೇಳಿದೆ.

“ಅಮ್ಮಾ, ಅವಳ ಕತೆ ಹೇಳು.”

ಅಪ್ಪ ತುತ್ತು ಎತ್ತಿದ ಕೈಯನ್ನು ಹಾಗೇ ಹಿಡಿದು ಅಮ್ಮನ ಕಡೆ ನೋಡಿದರು. ಅಮ್ಮ ನನ್ನ ತಟ್ಟೆಯನ್ನು ನೋಡುತ್ತಿದ್ದಳು.

“ಅವಳು ಸತ್ತು ಎಷ್ಟೋ ವರ್ಷ ಆಯ್ತು ಕಣೇ,” ಎಂದಳು. “ಇನ್ನೊಂಚೂರು ಅನ್ನ ಹಾಕ್ಲಾ?”